ಬಲಗಿವಿಗೆ ಕರೆಂಟು

ಮೊನ್ನೆ ತಾಳವಾಡಿ ಬಸ್ ನಿಲ್ದಾಣದಲ್ಲಿ ಕಾಲೇಜಿನ ಹುಡುಗಿಯೊಬ್ಬಳು ನನ್ನ ಪಕ್ಕಕ್ಕೆ ಬಂದು ನಿಂತಳು. ನನ್ನ ಕಿವಿಯನ್ನೇ ನೋಡುತ್ತಿದ್ದಳು. ನಾನು ತಿರುಗಿದರೆ ಬೇರೆಲ್ಲೋ ನೋಡುವಳು, ನಾನು ಆ ಕಡೆ ಮುಖ ಮಾಡಿದರೆ ಮತ್ತೆ ಕಿವಿ. ಕೊನೆಗೆ ಧೈರ್ಯ ಮಾಡಿ, "ಅಕ್ಕಾ, ನಿಮ್ ಕಿವೀಲಿ ದೊಡ್ಡದೊಂದು ಗಂಟಿತ್ತಲ್ವಾ? ಅದೆಂಗೋಯ್ತು?" ಎಂದಳು. ನಾನು ಬಾಯಿ ತೆರೆಯುವ ಮೊದಲೇ ದುಪಟ್ಟಾ ಸ್ವಲ್ಪ ಸರಿಸಿ ಭುಜ ತೋರಿಸಿ ಮತ್ತೆ ಮುಚ್ಚಿಕೊಂಡಳು. ಅಲ್ಲಿತ್ತು! ಕೆಂಪಗೆ ಹೊಳೆಯುವ, ಉಬ್ಬಿ ನಿಂತ ಗಂಟು. ಮೊಡವೆ ಒಡೆದು ಆದದ್ದಂತೆ.

ನನಗಾದ ಉತ್ಸಾಹ ಏನು ಹೇಳಲಿ! ಅವಳಿಗೆ ಗಂಟಿದೆ ಎಂದಲ್ಲ, ತಪ್ಪು ತಿಳಿಯಬೇಡಿ. ಇದು ಈ ಭೂಮಿಯ ಮೇಲೆ ನನಗೊಬ್ಬಳಿಗೇ ಬಂದದ್ದು ಎಂದು ವರ್ಷಗಟ್ಟಲೆ ಅತ್ತವಳು ನಾನು. ಈಗ ಇನ್ನೊಬ್ಬಳು ಎದುರಿಗೆ ನಿಂತಿದ್ದಾಳೆ, ಅವಳಿಗೆ ಹೇಳಲು ನನ್ನ ಹತ್ತಿರ ಒಳ್ಳೆಯ ಸುದ್ದಿಯಿದೆ. "ಕೂತ್ಕೋ ತಂಗಿ, ಎಲ್ಲಾನೂ ಹೇಳ್ತೀನಿ" ಎಂದೆ. ಅಷ್ಟರಲ್ಲಿ ಅವಳ ಬಸ್ಸು ಬಂತು, ಹತ್ತಿ ಹೋದಳು. ಹೇಳಬೇಕಾದದ್ದೆಲ್ಲ ಬಾಯಲ್ಲೇ ಉಳಿಯಿತು. ನನ್ನ ಬಾಯಲ್ಲಿ ಮಾತು ಉಳಿಯುವುದು ನಮ್ಮ ಮನೆಯವರಿಗೂ ಕ್ಷೇಮವಲ್ಲ. ಅದಕ್ಕೇ ಬರೆಯಲು ಕೂತಿದ್ದೇನೆ.

ನಾನು ಮಾದೇವಿ, ಪಣಕಹಳ್ಳಿಯ ಸೊಸೆ. ಊರು ತಮಿಳುನಾಡಿನ ಬೆಟ್ಟದ ಮೇಲಿದ್ದರೂ ನಮ್ಮ ಮನೆಮಾತು ಕನ್ನಡ. ನಮ್ಮದು ಸಣ್ಣ ಹಿಡುವಳಿ. ಒಂದು ಕಡೆ ರಾಗಿ, ಒಂದು ಕಡೆ ಬೀನ್ಸು, ಕೋಸು. ಎರಡು ಹಸು. ಮನೆಯಲ್ಲಿ ನಮ್ಮವರು ಸಿದ್ದರಾಜು, ಮಗಳು, ಮತ್ತು ನಮ್ಮತ್ತೆ ಚಿಕ್ಕತಾಯಮ್ಮ. ಈ ಕಥೆಯಲ್ಲಿ ಅರ್ಧ ನನ್ನ ಕಿವಿಯದ್ದು, ಅರ್ಧ ನಮ್ಮತ್ತೆಯದ್ದು.

ಮಗಳು ಹುಟ್ಟಿದಾಗ ಬಾಣಂತನಕ್ಕೆ ಓಲೆ ಬಿಚ್ಚಿಟ್ಟಿದ್ದೆ. ಮತ್ತೆ ಹಾಕಲು ಹೋದರೆ ಬಲಗಿವಿಯ ತೂತು ಮುಚ್ಚಿಕೊಂಡಿತ್ತು. ಅತ್ತೆಗೆ ತಮ್ಮ ತಾಯಿಯಿಂದ ಬಂದ ಬೆಂಡೋಲೆಯನ್ನು ನನಗೆ ಹಾಕಿ ನೋಡುವ ಆಸೆ, ನನಗೆ ಹಾಕಿಸಿಕೊಳ್ಳುವ ಆಸೆ. ಇಬ್ಬರೂ ಸೇರಿ ತಾಳವಾಡಿಯ ಆಚಾರಿ ಹತ್ತಿರ ಹೋಗಿ ಚುಚ್ಚಿಸಿಕೊಂಡು, ಹೋಟೆಲಿನಲ್ಲಿ ಬೋಂಡ ತಿಂದು ಬಂದೆವು. ಗಾಯ ಚೆನ್ನಾಗಿಯೇ ಮಾಗಿತು. ಆಮೇಲೆ ಕಡಿತ ಶುರುವಾಯಿತು. ಈ ಕಡಿತವನ್ನು ನೆನಪಿಡಿ, ನನ್ನ ವೈರಿಯ ಮೊದಲ ಸುಳಿವು ಯಾವಾಗಲೂ ಅದೇ. ಕಡಿತದ ಹಿಂದೆಯೇ ಅವರೆಕಾಳಿನಷ್ಟು ಗಟ್ಟಿ ಗಂಟು. ವರ್ಷ ಕಳೆಯುವುದರಲ್ಲಿ ಕಿವಿಹಾಲೆಯ ಹಿಂದೆ ಒಂದು ನೆಲ್ಲಿಕಾಯಿ ಜೋತಿತ್ತು.

ಹೆಲ್ಮೆಟ್ ಹಾಕಿದರೆ ಜೀವ ಹೋಗುವ ನೋವು. ಫೋನಿಗೆ ಎಡಗಿವಿಯೇ ಗತಿ. ಬಲಕ್ಕೆ ಮಗ್ಗುಲಾಗಿ ಮಲಗುವಂತಿಲ್ಲ. ಅದಕ್ಕಿಂತ ಹೆಚ್ಚು, ಜನರ ಕಣ್ಣು. ಮದುವೆ ಮನೆಗೆ ಹೋದರೆ ಹುಡುಗಿ ಹೇಗಿದ್ದಾಳೆ, ಊಟ ಹೇಗಿದೆ ಎಂಬ ಮಾತೇ ಇಲ್ಲ. ನನ್ನ ಕಿವಿಯನ್ನು ನೋಡುವುದು, ಅಯ್ಯೋ ಎನ್ನುವುದು, ಮದ್ದು ಹೇಳುವುದು. ಸುಣ್ಣ ಹಚ್ಚು, ಕುದುರೆ ಬಾಲದ ಕೂದಲು ಕಟ್ಟು. ಒಬ್ಬಾಕೆ ನನ್ನನ್ನು ಕೇಳದೆ ಬೆರಳಿನಲ್ಲಿ ಒತ್ತಿಯೇ ನೋಡಿದಳು. ಅವಳಿಗೆ ನಾನು ಅಂದ ಮಾತನ್ನು ಇಲ್ಲಿ ಬರೆಯಲು ಬರುವುದಿಲ್ಲ.

ಘಾಟಿ ಇಳಿದು ಹೋಗಿ ಒಂದು ಸಣ್ಣ ಆಸ್ಪತ್ರೆಯಲ್ಲಿ ಕೊಯ್ಯಿಸಿಕೊಂಡೆ. ಓಲೆಯ ತೂತು ಉಳಿಸಿಕೊಡಿ ಎಂದು ಕೇಳಿಕೊಂಡಿದ್ದಕ್ಕೆ ಅದನ್ನೂ ಉಳಿಸಿಕೊಟ್ಟರು. ಮನೆಗೆ ಬಂದಾಗ ಅತ್ತೆ ಕನ್ನಡಿ ಹಿಡಿದು ತೋರಿಸಿದರು. ನೆಲ್ಲಿಕಾಯಿ ಇಲ್ಲ! ಆ ದಿನ ಮಗಳನ್ನು ಎತ್ತಿಕೊಂಡು ಅಂಗಳದ ತುಂಬ ಕುಣಿದಿದ್ದೆ.

ಹೊಲಿಗೆ ಬಿಚ್ಚಿಸಿಕೊಂಡು ಬಂದ ದಿನ ಅತ್ತೆ ಬೇವಿನ ಮರದಿಂದ ಎಳೆಯ ಕಡ್ಡಿ ಮುರಿದು ತಂದರು. ನಮ್ಮ ಕಡೆ ಕಿವಿ ಚುಚ್ಚಿದ ಮಕ್ಕಳಿಗೆಲ್ಲ ಹಾಗೆ ಮಾಡುತ್ತೇವೆ, ತೂತು ಮುಚ್ಚದಿರಲೆಂದು ಬೇವಿನ ಕಡ್ಡಿ ತುರುಕುವುದು. ಅತ್ತೆ ಸಿಪ್ಪೆ ಹೆರೆದು, ತುದಿ ನುಣುಪು ಮಾಡಿ, ಕೊಬ್ಬರಿ ಎಣ್ಣೆ ಬೆಚ್ಚಗೆ ಮಾಡಿ ಅದ್ದಿ, ನನ್ನ ತಲೆಯನ್ನು ತಮ್ಮ ಮೊಣಕಾಲಿಗೆ ಒರಗಿಸಿಕೊಂಡರು.

"ವಸಿ ತಡ್ಕೊ ಕೂಸೇ. ತೂತು ಮುಚ್ಚೋದ್ರೆ ಮತ್ತೆ ಚುಚ್ಚುಸ್ಬೇಕಾಯ್ತದೆ" ಎಂದರು.

ದಿನಾ ಕಡ್ಡಿ ತಿರುಗಿಸುವುದು, ಎರಡು ದಿನಕ್ಕೆ ಬೇರೆ ಕಡ್ಡಿ. ನನ್ನ ಹೆತ್ತ ತಾಯಿಯೂ ಅಷ್ಟು ಮುತುವರ್ಜಿಯಿಂದ ಮಾಡುತ್ತಿರಲಿಲ್ಲ. ಒಂದು ಬೆಳಿಗ್ಗೆ ಹಾಲು ಕರೆಯುವಾಗ ಕಿವಿ ಕಡಿಯಿತು. ನಾನು ಕೈ ಎತ್ತಲಿಲ್ಲ. ಕೈ ಎತ್ತದಿದ್ದರೆ ಅದು ಬಂದಿಲ್ಲ ಎಂದೇನೋ ನನ್ನ ಲೆಕ್ಕ. ಆದರೂ ಬಂತು. ಈ ಸಲ ಹಾಲೆಯ ಹಿಂದೂ ಮುಂದೂ, ಮೊದಲಿಗಿಂತ ದೊಡ್ಡದಾಗಿ.

ಆಗ ನಾನು ಮೂಲೆ ಸೇರಿದೆ. ಹೆರಳನ್ನು ಕಿವಿಯ ಮೇಲೆ ಇಳಿಬಿಟ್ಟು, ಸೆರಗು ಮುಚ್ಚಿ ಓಡಾಡಿದೆ. ಇಷ್ಟು ಮಾತಾಡುವ ನಾನು ಮಾತು ನಿಲ್ಲಿಸಿದೆ. ನಮ್ಮವರು ಹೆದರಿದ್ದು ಗಂಟಿಗಲ್ಲ, ನನ್ನ ಮೌನಕ್ಕೆ. ಯಾರನ್ನೋ ವಿಚಾರಿಸಿ ಕೊಯಮತ್ತೂರಿನಲ್ಲಿ ಒಬ್ಬ ಡಾಕ್ಟರಮ್ಮ ಇದ್ದಾರೆ ಎಂದು ತಿಳಿದುಕೊಂಡು ಬಂದರು. ಅತ್ತೆಯೂ ಹೊರಟರು.

ಡಾಕ್ಟರಮ್ಮ ವಯಸ್ಸಾದವರು. ತಮಿಳಿನಲ್ಲಿ ಪಟಪಟನೆ ಮಾತು, ಮುಖದಲ್ಲಿ ನಗುವಿಲ್ಲ. ಕಿವಿ ನೋಡಿದರು. ಇದರ ಹೆಸರು ಕೆಲಾಯ್ಡ್ ಎಂದರು. ಗಾಯ ಮಾಗಿದ ಮೇಲೂ ಚರ್ಮಕ್ಕೆ ನಿಲ್ಲಿಸುವುದು ಗೊತ್ತಾಗದೆ ಬೆಳೆಯುತ್ತಲೇ ಹೋಗುತ್ತದೆ, ಕೆಲವರ ಮೈ ಹಾಗೆ, ಯಾರ ಪಾಪವೂ ಅಲ್ಲ ಎಂದರು. ಇದಕ್ಕೊಂದು ಹೆಸರಿದೆ! ಹೆಸರಿದೆ ಎಂದರೆ ಬೇರೆಯವರಿಗೂ ಬಂದಿದೆ. ಅಷ್ಟಕ್ಕೇ ನನ್ನ ಕಣ್ಣು ತುಂಬಿತು. ಆಮೇಲೆ, ಕೊಯ್ಯಿಸಿಕೊಂಡ ನಂತರ ಏನು ಮಾಡಿದಿರಿ ಎಂದು ಕೇಳಿದರು. ನಾನು ಬೇವಿನ ಕಡ್ಡಿಯ ವಿಷಯ ಹೇಳಿಬಿಟ್ಟೆ.

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ಹಸಿ ಗಾಯಕ್ಕೆ ಕಡ್ಡಿ ತುರುಕಿ ದಿನಾ ತಿರುಗಿಸಿದ್ದೀರಾ? ಯಾರಮ್ಮ ಆ ಬುದ್ಧಿವಂತರು?"

ಅತ್ತೆ ನನ್ನ ಪಕ್ಕದ ಕುರ್ಚಿಯಲ್ಲಿದ್ದರು. ತಮಿಳು ಅವರಿಗೆ ನನಗಿಂತ ಚೆನ್ನಾಗಿ ಬರುತ್ತದೆ. ಅವರ ಉಸಿರು ನಿಂತದ್ದು ನನಗೆ ಕೇಳಿಸಿತು.

"ನಾನೇ, ಡಾಕ್ಟರ್" ಎಂದೆ.

ಅವರು ನನ್ನನ್ನು ಚೆನ್ನಾಗಿ ಝಾಡಿಸಿದರು. ಬರೀ ಕೊಯ್ದರೆ ಇದು ಮತ್ತೆ ಬರುವುದೇ ಹೆಚ್ಚು, ಕಡ್ಡಿ ಇಡದಿದ್ದರೂ ಬರುತ್ತಿತ್ತೇನೋ, ಆದರೆ ಗಾಯವನ್ನು ಕೆದಕಿ ಕೆದಕಿ ನೀವೇ ಅದಕ್ಕೆ ಗೊಬ್ಬರ ಹಾಕಿದ್ದೀರಿ ಎಂದರು. ನಾನು ತಲೆ ಬಗ್ಗಿಸಿ ಕೇಳಿಸಿಕೊಂಡೆ. ಆಮೇಲೆ ಅವರು ದಾರಿ ಹೇಳಿದರು. ಮೊದಲು ಗಂಟು ತೆಗೆಯುವುದು. ತೂತು ಉಳಿಯುವುದಿಲ್ಲ, ಆ ಕಿವಿಯನ್ನು ಇನ್ನು ಯಾವತ್ತೂ ಚುಚ್ಚುವಂತಿಲ್ಲ. ಹೊಲಿಗೆ ಹಾಕಿದ ಒಂದು ದಿನದೊಳಗೆ, ಚರ್ಮ ಮತ್ತೆ ಬೆಳೆಯುವ ಯೋಚನೆ ಮಾಡುವ ಮೊದಲೇ, ಆ ಜಾಗಕ್ಕೆ ವಿಕಿರಣ ಕೊಡಲು ಶುರು ಮಾಡುವುದು. ಕೆಲವು ದಿನ ಕೊಟ್ಟು ನಿಲ್ಲಿಸುವುದು. ಗರ್ಭಿಣಿ ಅಲ್ಲ ತಾನೇ ಎಂದು ಎರಡೆರಡು ಸಲ ಕೇಳಿದರು. ವಿಕಿರಣ ಎಂದರೆ ನಮಗೆ ಅರ್ಥವಾಗದು ಎಂದೇನೋ, ಹಳ್ಳಿಯವರ ಮಾತಿನಲ್ಲೇ ಹೇಳಿದರು, "ಕರೆಂಟು ಇಡುವುದು."

ಆ ಮಾತು ಕೇಳಿದ್ದೇ ತಡ ಅತ್ತೆ ಎದ್ದು ಹೊರಗೆ ಹೋದರು.

ಅದಕ್ಕೆ ಕಾರಣವಿತ್ತು. ತಾಳಮಲೆಯಲ್ಲಿದ್ದ ಅವರ ತಮ್ಮನಿಗೆ ಬಾಯಿ ಹುಣ್ಣು ಕ್ಯಾನ್ಸರ್ ಆಗಿ ಕರೆಂಟು ಇಟ್ಟಿದ್ದರು. ಅವರು ಉಳಿಯಲಿಲ್ಲ. ನಮ್ಮ ಬೆಟ್ಟದ ಮೇಲೆ ಕರೆಂಟು ಇಟ್ಟರು ಎಂದರೆ ಒಂದೇ ಅರ್ಥ. ನಾನು ಹೊರಗೆ ಬಂದಾಗ ಅತ್ತೆ ಗೋಡೆಗೆ ಒರಗಿ ನಿಂತಿದ್ದರು.

"ನನ್ ಎಸ್ರು ಯಾಕೇಳ್ನಿಲ್ಲ?" ಎಂದರು ಮೊದಲು.

"ನೀವು ಎಣ್ಣೆ ಬೆಚ್ಚಗೆ ಮಾಡಿ ಅದ್ದಿದ್ದು ಆವಮ್ಮನಿಗೆ ಗೊತ್ತಾಯ್ತದಾ ಅತ್ತೆ? ಕಡ್ಡಿ ಒಂದೇ ಕಾಣೋದು."

"ಗಂಟಿದ್ರೆ ಇರ್ಲಿ. ಕರೆಂಟು ಮಾತ್ರ ಬ್ಯಾಡ ಕಣವ್ವಾ. ಗಂಟಿರೋ ಸೊಸೆ ನಂಗೆ ಸಾಕು" ಎಂದರು.

ಅಂದಿನಿಂದ ಅವರು ನನ್ನ ತಲೆ ಮುಟ್ಟುವುದನ್ನು ಬಿಟ್ಟರು. ನನ್ನ ತಲೆ ಬಾಚಿ ಹೆರಳು ಹಾಕುತ್ತಿದ್ದವರು ಅವರೇ. ಬಾಚಣಿಗೆ ಹಿಡಿದು ಹೋದರೆ ಒಲೆ ಕಡೆ ಕೆಲಸವಿದೆ ಎಂದು ಎದ್ದುಬಿಡುತ್ತಿದ್ದರು.

ನಾನು ಯೋಚಿಸಿದೆ. ಭಯವೇನು ನನಗಿರಲಿಲ್ಲವೇ? ಇತ್ತು. ಗಂಟು ಹೋಗಿ ಅದಕ್ಕಿಂತ ದೊಡ್ಡದು ಬಂದರೆ? ಡಾಕ್ಟರಮ್ಮನನ್ನೇ ಫೋನಿನಲ್ಲಿ ಕೇಳಿದೆ. ಅಪಾಯ ಇಲ್ಲವೇ ಇಲ್ಲ ಎಂದು ಸುಳ್ಳು ಹೇಳುವುದಿಲ್ಲ, ತೀರಾ ಕಡಿಮೆ, ಕೊಡುವುದು ಸ್ವಲ್ಪ, ಅದೂ ಮೇಲು ಚರ್ಮಕ್ಕೆ ಮಾತ್ರ ಎಂದರು. ಸುಳ್ಳು ಹೇಳುವುದಿಲ್ಲ ಎಂದ ಆ ಮಾತು ನನಗೆ ಹಿಡಿಸಿತು. ಕೊಯ್ಯುವುದು ದೊಡ್ಡದಲ್ಲ, ಅದು ಗೊತ್ತಿತ್ತು. ಮತ್ತೆ ಬರುತ್ತದೆಯೇ ಇಲ್ಲವೇ, ಅದೊಂದೇ ನನ್ನ ಪ್ರಶ್ನೆ. ಬರದಿರಲು ಒಂದು ದಾರಿ ಇದೆ ಎಂದ ಮೇಲೆ ಸುಮ್ಮನೆ ಕೂರುವ ಜಾತಿಯವಳಲ್ಲ ನಾನು. ನಮ್ಮವರು, "ನೀ ಮಾಡುಸ್ಕೊ, ಅವ್ವುನ್ ನಾನ್ ನೋಡ್ಕೋತಿನಿ" ಎಂದರು. ಅವ್ವನನ್ನು ಅವರು ಈ ಜನ್ಮದಲ್ಲಿ ನೋಡಿಕೊಂಡದ್ದಿಲ್ಲ. ಆದರೂ ಧೈರ್ಯ ಬಂತು.

ಅತ್ತೆ ಮಗಳ ಜೊತೆ ಮನೆಯಲ್ಲೇ ಉಳಿದರು. ನಾವು ಹೊರಟಾಗ ಹೋಗಿ ಬನ್ನಿ ಎನ್ನಲಿಲ್ಲ. ಆಪರೇಷನ್ನು ಮಧ್ಯಾಹ್ನವಾಯಿತು. ಮರಗಟ್ಟಿದ ಕಿವಿಯಲ್ಲಿ ಕತ್ತರಿಯ ಕಿರಿಕಿರಿ ಶಬ್ದ ಕೇಳಿಸಿತೇ ಹೊರತು ನೋವಿಲ್ಲ. ಮಾರನೆಯ ಬೆಳಿಗ್ಗೆ ಕಿವಿಗೆ ಬಟ್ಟೆ ಸುತ್ತಿಕೊಂಡು ಕರೆಂಟಿನ ವಿಭಾಗದ ಮುಂದೆ ಕೂತೆ.

ಆ ಕಾಯುವ ಕೋಣೆಯ ವಿಷಯ ಹೇಳಲೇಬೇಕು. ಸುತ್ತ ಎಲ್ಲರೂ ನಿಜವಾದ ರೋಗಿಗಳು. ಕೂದಲಿಲ್ಲದ ತಲೆಗಳು, ಮೂಗಿನಲ್ಲಿ ನಳಿಗೆ, ಗಂಟಲಿನ ಮೇಲೆ ಕರೆಂಟಿನ ಗುರುತಿಗೆ ಎಳೆದ ನೇರಳೆ ಗೆರೆ. ನಡುವೆ ನಾನು, ಬರೀ ಕಿವಿಯ ಗಂಟಿಗೆಂದು ಬಂದವಳು. ನಾಚಿಕೆಯಾಗಿ ಸೆರಗು ಹೊದ್ದು ಕುಗ್ಗಿ ಕೂತೆ. ಪಕ್ಕದಲ್ಲಿ ಭವಾನಿಯ ಕಡೆಯ ಹೆಂಗಸು, ಸರೋಜಕ್ಕ. ತಲೆಗೆ ಹೂವಿನ ಚಿತ್ರದ ಬಟ್ಟೆ ಕಟ್ಟಿದ್ದರು. ಎಲ್ಲಿ ನಿನಗೆ ಎಂದು ತಮಿಳಿನಲ್ಲಿ ಕೇಳಿದರು. ಹೇಳಿದೆ. ಸಣ್ಣ ವಿಷಯಕ್ಕೆ ಬಂದೆ ಅಕ್ಕಾ, ತಪ್ಪು ತಿಳಿಯಬೇಡಿ ಎಂದೂ ಹೇಳಿದೆ.

"ಹುಚ್ಚಿ," ಎಂದರು ಸರೋಜಕ್ಕ, "ಸಣ್ಣ ವಿಷಯಕ್ಕೂ ಇಲ್ಲಿಗೆ ಬರ್ತಾರೆ ಅಂತ ಗೊತ್ತಾಗಿ ಈ ಜಾಗದ ಮೇಲೇ ನನಗೆ ಪ್ರೀತಿ ಬಂತು ನೋಡು."

ಅಷ್ಟರಲ್ಲಿ ಬಾಗಿಲ ಬಳಿ ನನಗೆ ಗೊತ್ತಿರುವ ಸೀರೆ ಕಂಡಿತು. ಅತ್ತೆ! ಮಗಳನ್ನು ಪಕ್ಕದ ಮನೆಯಲ್ಲಿ ಬಿಟ್ಟು, ರಾತ್ರಿ ಮುಚ್ಚುವ ಕಾಡಿನ ದಾರಿ ಬೆಳಗಾಗಿ ತೆರೆದ ಕೂಡಲೇ ಹೊರಡುವ ಮೊದಲ ಬಸ್ಸು ಹಿಡಿದು, ದಿಂಬದ ಘಾಟಿಯ ತಿರುವುಗಳಲ್ಲಿ ವಾಂತಿ ಮಾಡಿಕೊಂಡು ಬಂದಿದ್ದರು. ಮುಖ ಬಾಡಿತ್ತು, ಕಣ್ಣು ಮಾತ್ರ ಉರಿಯುತ್ತಿತ್ತು. ನಮ್ಮವರು ಎದ್ದು ನಿಂತರು. ಅತ್ತೆ ಅವರನ್ನು ತಳ್ಳಿಕೊಂಡೇ ಬಂದು ನನ್ನ ರಟ್ಟೆ ಹಿಡಿದರು.

"ಏಳು. ಮನೆಗೋಗವ ನಡಿ."

"ಅವ್ವಾ, ಗಲಾಟೆ ಮಾಡ್ಬ್ಯಾಡ" ಎಂದರು ನಮ್ಮವರು.

"ನೀ ಬಾಯ್ ಮುಚ್ಕೊಂಡಿರ್ಲಾ. ನನ್ ತಮ್ಮುನ್ ಇಂಥ ಬಾಗ್ಲೊಳಕ್ಕೆ ಕಳ್ಸಿದ್ದೂ ನಾನೇ ಕಣ್ಲಾ. ಇವಳ್ನೂ ಕಳ್ಸಾ?"

ಅಲ್ಲಿದ್ದವರೆಲ್ಲ ನಮ್ಮನ್ನೇ ನೋಡುತ್ತಿದ್ದರು. ನನ್ನ ಸರದಿ ಯಾವ ಗಳಿಗೆಯಲ್ಲಾದರೂ ಬರಬಹುದು. ತಪ್ಪಿದರೆ? ತಡ ಮಾಡಿದರೆ ಕೊಯ್ದದ್ದೂ ದಂಡ ಎಂದಿದ್ದರು ಡಾಕ್ಟರಮ್ಮ. ಅತ್ತೆಯ ಕೈ ಬಿಡಿಸಿಕೊಳ್ಳಲು ನನಗೆ ಶಕ್ತಿಯಿತ್ತು, ಮನಸ್ಸಿರಲಿಲ್ಲ.

ಕನ್ನಡ ಅರ್ಥವಾಗುತ್ತಿದ್ದ ಸರೋಜಕ್ಕ ಪಕ್ಕಕ್ಕೆ ಸರಿದು ಜಾಗ ಮಾಡಿ ಅತ್ತೆಯ ಸೆರಗು ಹಿಡಿದು ಕೂರಿಸಿಕೊಂಡರು. "ಕೂತ್ಕೊಳ್ಳಿ ಅಮ್ಮಾ. ನಾನು ಆ ಬಾಗಿಲೊಳಗೆ ಎಷ್ಟು ಸಲ ಹೋಗಿದ್ದೀನೋ ಲೆಕ್ಕ ಬಿಟ್ಟಿದ್ದೀನಿ. ಪ್ರತಿ ಸಲವೂ ನಡೆದುಕೊಂಡೇ ಹೊರಗೆ ಬಂದಿದ್ದೀನಿ. ನಿಮ್ಮ ತಮ್ಮನನ್ನ ಕಾಯಿಲೆ ಕರ್ಕೊಂಡು ಹೋಯ್ತು. ಬಾಗಿಲಲ್ಲ."

ಅತ್ತೆ ಅವರ ತಲೆಯ ಬಟ್ಟೆ ನೋಡಿದರು, ಮುಖ ನೋಡಿದರು. "ನಿಂಗೆ ಎಲ್ಲವ್ವಾ?" ಎಂದರು ಮೆಲ್ಲಗೆ. ಸರೋಜಕ್ಕ ಎದೆ ಮುಟ್ಟಿ ತೋರಿಸಿದರು. ಅಲ್ಲಿಗೆ ಅತ್ತೆಯ ಹಿಡಿತ ಸಡಿಲವಾಯಿತು. ಒಳಗಿನಿಂದ ನನ್ನ ಹೆಸರು ಕೂಗಿದಾಗ ಅವರು ತಡೆಯಲಿಲ್ಲ. "ನಾನೂ ಬತ್ತೀನಿ ಒಳಕ್ಕೆ" ಎಂದು ಎದ್ದರು. ಯಾರನ್ನೂ ಬಿಡುವುದಿಲ್ಲ ಎಂದು ತಿಳಿಸಲು ನರ್ಸಿಗೆ ಸಾಕುಸಾಕಾಯಿತು.

ಒಳಗೆ ಏನೋ ದೊಡ್ಡ ಬೆಂಕಿ ಕಾದಿದೆ ಎಂದುಕೊಂಡಿದ್ದೆ. ತಣ್ಣಗಿನ ಕೋಣೆ. ಕಿವಿಯನ್ನು ಮುಂದಕ್ಕೆ ಮಡಚಿ ಟೇಪು ಹಚ್ಚಬೇಕಾದ ಹುಡುಗಿ ನನ್ನನ್ನು ಮುಟ್ಟುವ ಮೊದಲು ತನ್ನ ಎರಡೂ ಕೈ ಉಜ್ಜಿ ಬೆಚ್ಚಗೆ ಮಾಡಿಕೊಂಡಳು. ಆ ಹುಡುಗಿ ಎಲ್ಲಿದ್ದರೂ ಚೆನ್ನಾಗಿರಲಿ. ಕಿವಿಯಷ್ಟೇ ಆಚೆ ಕಾಣುವಂತೆ ತೂತು ಮಾಡಿದ ಸೀಸದ ತಗಡನ್ನು ತಲೆಗೆ ಅಡ್ಡ ಇಟ್ಟರು. ಎಲ್ಲರೂ ಹೊರಗೆ ಹೋದರು. ಜುಂಯ್ ಎಂದಿತು. ನಾನು ಹಲ್ಲು ಕಚ್ಚಿ, ಕಣ್ಣು ಮುಚ್ಚಿ, ಮಲೆ ಮಾದಪ್ಪನನ್ನು ನೆನೆದು ಕಾದೆ. ಬಾಗಿಲು ತೆರೆಯಿತು. ಮುಗಿಯಿತು, ಏಳಿ ಎಂದಳು ಹುಡುಗಿ.

"ಇನ್ನೂ ಶುರುವೇ ಆಗಲಿಲ್ಲವಲ್ಲಮ್ಮ!"

ಅವಳು ನಕ್ಕಳು. ನಾನೂ ನಕ್ಕೆ. ಎಷ್ಟು ನಕ್ಕೆನೆಂದರೆ ಹೊಲಿಗೆ ಎಳೆಯಿತು. ಇದಕ್ಕೇ ಇಷ್ಟು ದಿನ ನಿದ್ದೆ ಕೆಟ್ಟೆನೇ?

ಹೊರಗೆ ಬಂದಾಗ ಅತ್ತೆ ನನ್ನ ಮುಖಕ್ಕೆ ಮುಖ ತಂದು ಮೂಸಿದರು. ನಿಜವಾಗಿ ಮೂಸಿದರು, ಒಲೆಯ ಮೇಲಿನ ಹಾಲು ಸೀದಿದೆಯೇ ಎಂದು ನೋಡುವ ಹಾಗೆ. "ಸುಟ್ಟ ವಾಸ್ನೆ ಬತ್ತಾ ಇಲ್ವಲ್ಲಾ?" ಎಂದರು. ಸರೋಜಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕರು. ಅತ್ತೆ ಅಲ್ಲೇ ಉಳಿದರು. ಮಿಕ್ಕ ದಿನಗಳಲ್ಲೂ ನಾನು ಹೊರಬಂದಾಗ ಒಮ್ಮೆ ಮೂಸದೆ ಬಿಡಲಿಲ್ಲ. ಆದರೆ ಕೈ ಮಾತ್ರ ಹಿಂದೆ ಕಟ್ಟಿಕೊಂಡೇ ಇರುತ್ತಿದ್ದರು.

ನಾವು ಊರಿಗೆ ಬರುವಷ್ಟರಲ್ಲಿ ಸುದ್ದಿ ಮೊದಲೇ ಬಂದಿತ್ತು. ಮಾದೇವಿಗೆ ಕರೆಂಟು ಇಟ್ಟರಂತೆ! ಜನ ಕಿತ್ತಳೆ, ಹಾರ್ಲಿಕ್ಸು ಹಿಡಿದು ಬಂದರು. ಬಂದವರು ಬಾಗಿಲಲ್ಲೇ ಕಣ್ಣೊರೆಸಿಕೊಂಡರು. ಸಂಘದ ಹಾಲಿನ ಮನೆಯಲ್ಲಿ ದಿನಾ ನನ್ನ ಕ್ಯಾನನ್ನು ಹಿಂದಕ್ಕೆ ತಳ್ಳಿ ಮುಂದೆ ಹೋಗುತ್ತಿದ್ದವಳು ನನ್ನ ಕೈ ಹಿಡಿದು, ಏನಾರಾ ತಪ್ಪು ಮಾಡಿದ್ರೆ ಮನಸ್ಸಲ್ಲಿ ಇಟ್ಟುಕೊಬ್ಯಾಡ ಎಂದಳು. ನಾನು ಸಾಯುವುದಿಲ್ಲ ಎಂದು ನಂಬಿಸುವುದರಲ್ಲಿ ನನಗೆ ಬೆವರು ಇಳಿಯಿತು. ಕೆಲವರಿಗೆ ಬೇಸರವೇ ಆಯಿತೇನೋ. ಕಿತ್ತಳೆಯನ್ನು ಮಾತ್ರ ನಾವು ತಿಂದೆವು.

ಆ ದೀಪಾವಳಿಗೆ ನಮ್ಮವರು ಗುಮಟಾಪುರದ ಸಗಣಿ ಹಬ್ಬಕ್ಕೆ ಹೋಗಿ, ಸಗಣಿ ಎರಚಾಟದಲ್ಲಿ ಮಿಂದು ಕಣ್ಣು ಮಾತ್ರ ಕಾಣುವ ಹಾಗೆ ಬಂದರು. ಜೊತೆಗೆ ಅವರ ದೊಡ್ಡಪ್ಪ, ಕೈಯಲ್ಲಿ ಬಾಳೆಲೆ ಪೊಟ್ಟಣ. ಬೀರೇಶ್ವರನ ಗುಡಿಯ ಹತ್ತಿರದ ಸಗಣಿ, ಮೈ ರೋಗಕ್ಕೆಲ್ಲ ಮದ್ದು, ಸೊಸೆಯ ಕಿವಿಗೆ ಹಚ್ಚಲು ತಂದಿದ್ದೇನೆ ಎಂದರು. ನಾನು ಏನು ಹೇಳಬೇಕೆಂದು ತಡಬಡಿಸುವಷ್ಟರಲ್ಲಿ ಅತ್ತೆ ಹೊಸ್ತಿಲಿಗೆ ಅಡ್ಡ ನಿಂತಿದ್ದರು.

"ಭಾವಾ, ದೇವ್ರಿಗೆ ಕೈ ಮುಗಿತೀನಿ. ಆದ್ರ ಅವಳ ಕಿವಿ ತಾವಿಕ್ಕೆ ಮಾತ್ರ ಬರ್ಬ್ಯಾಡಿ. ನಾನೇ ಮುಟ್ಟಕಿಲ್ಲ, ನೀವ್ಯಾಕ ಮುಟ್ಟೀರಿ?"

ದೊಡ್ಡಪ್ಪ ಪೊಟ್ಟಣವನ್ನು ಕೋಸಿನ ಗಿಡಕ್ಕೆ ಹಾಕಿ, ಕಾಫಿ ಕುಡಿದು ಹೋದರು.

ಗಾಯ ಮಾಗಿತು. ಚರ್ಮ ಸ್ವಲ್ಪ ಕಪ್ಪಾಗಿ, ನಿಧಾನಕ್ಕೆ ತಿಳಿಯಾಯಿತು. ಹಾಲೆಯನ್ನು ಎರಡು ಕಡೆಯಿಂದ ಒತ್ತಿ ಹಿಡಿಯುವ ಕ್ಲಿಪ್ಪು ಕೊಟ್ಟಿದ್ದರು. ಅದನ್ನು ಕಂಡು ನೆರೆಮನೆಯವಳು ಹೊಸ ಮಾದರಿ ಓಲೆ ಎಲ್ಲಿ ಸಿಕ್ಕಿತು ಎಂದು ಕೇಳಿದಳು. ಎಡಗಿವಿಯ ಓಲೆಯನ್ನೂ ಬಿಚ್ಚಿಟ್ಟೆ. ಓಲೆಯಿಲ್ಲದ ಕಿವಿ ಕಂಡರೆ ಹಿಂದೆ ಮುಂದೆ ಮಾತಾಡುವವರು ಇದ್ದರು, ಇದ್ದಾರೆ. ನಾನು ಕಿವಿಯ ಹಿಂದಕ್ಕೆ ಕೂದಲು ಕಟ್ಟಿ, ಸೆರಗು ಬಿಟ್ಟು, ತಾಳವಾಡಿಯ ಸಂತೆಯಲ್ಲಿ ಬೀದಿಯ ನಡುವೆ ನಡೆದೆ! ಅದರ ಸುಖ ಗಂಟು ಬಂದವರಿಗೇ ಗೊತ್ತು.

ಆದರೂ ಡಾಕ್ಟರಮ್ಮ ಪ್ರತಿ ಸಲ ಒಂದೇ ಮಾತು ಹೇಳುತ್ತಿದ್ದರು, ಎರಡು ವರ್ಷ ಕಾಯಬೇಕು, ಆಮೇಲೆ ಸಂತೋಷ ಪಡೋಣ. ನಾನು ದಿನಾ ಬೆಳಿಗ್ಗೆ ಹಾಲೆಯನ್ನು ಸವರಿ ನೋಡುತ್ತಿದ್ದೆ. ಅತ್ತೆ ದೂರದಲ್ಲಿ ನಿಂತು ನನ್ನ ಮುಖ ನೋಡುತ್ತಿದ್ದರು. ನಾನು ಇಲ್ಲವೆಂದು ತಲೆ ಅಲ್ಲಾಡಿಸಿದರೆ ಸಗಣಿ ಬಾಚಲು ಹೋಗುತ್ತಿದ್ದರು.

ಎರಡು ವರ್ಷ ತುಂಬುತ್ತ ಬಂದ ಬೇಸಿಗೆಯ ಮೊದಲಲ್ಲಿ ತಾಳಮಲೆಯ ನೆಂಟರ ಮನೆಗೆ ಹೋಗಿ, ಕಾಡಂಚಿನ ಹೊಲದಲ್ಲಿ ಹುಲ್ಲು ಕೊಯ್ಯಲು ಕೈ ಜೋಡಿಸಿ ಬಂದೆ. ಮಾರನೆಯ ಸಂಜೆ ಕಿವಿ ಕಡಿಯಿತು.

ಬಲಗಿವಿ. ಹಾಲೆಯ ಹಿಂದೆ. ಕೈ ತಾನಾಗಿ ಹೋಯಿತು. ಕಲೆಯ ಪಕ್ಕದಲ್ಲೇ ಸಣ್ಣ, ಗಟ್ಟಿ ಕಾಳು.

ನನ್ನ ಜೀವವೇ ಇಳಿದುಹೋಯಿತು. ಫೋನಿನಲ್ಲಿ ಫೋಟೋ ತೆಗೆದು ನೋಡಬಹುದಿತ್ತು. ಧೈರ್ಯವಾಗಲಿಲ್ಲ. ನಮ್ಮವರು ನೋಡುತ್ತೇನೆ ಎಂದರೆ ಬಿಡಲಿಲ್ಲ, ಕೂಗಾಡಿದೆ. ಅತ್ತೆ ನನ್ನ ಕೈ ಹೋದ ಜಾಗ ಕಂಡಿದ್ದರು. "ಬೆಳಿಗ್ಗೆ ಮೊದ್ಲು ಬಸ್ಗೆ ಓಗವ. ನಾನೂ ಬತ್ತೀನಿ" ಎಂದರು ಅಷ್ಟೇ. ಅಷ್ಟು ಅತ್ತೂ, ಅಷ್ಟು ನಕ್ಕೂ, ಅಷ್ಟು ದೂರ ಹೋಗಿಯೂ ಅದು ಬಂದೇಬಂತಲ್ಲ ಎಂದು ನಾನು ಬಸ್ಸಿನ ಕಿಟಕಿಯ ಕಡೆ ತಿರುಗಿ ಕಣ್ಣೀರು ಹಾಕಿದೆ. ಪಕ್ಕದಲ್ಲಿ ಅತ್ತೆಯೂ ಅಳುತ್ತಿದ್ದುದು ಮೂಗು ಎಳೆದಾಗ ಗೊತ್ತಾಯಿತು.

ಡಾಕ್ಟರಮ್ಮ ಕಿವಿ ಮಡಚಿ ನೋಡಿದರು. ಕನ್ನಡಕ ಬದಲಿಸಿ ಮತ್ತೆ ನೋಡಿದರು. ದೀಪ ಹತ್ತಿರ ಎಳೆದುಕೊಂಡರು. ಇಷ್ಟು ಹೊತ್ತು ನೋಡುತ್ತಾರೆಂದರೆ ದೊಡ್ಡದೇ ಇರಬೇಕು ಎಂದು ನಾನು ಕುರ್ಚಿಯ ಕೈ ಹಿಡಿದುಕೊಂಡೆ. ಅವರು ಒಂದು ಚಿಮಟ ತೆಗೆದುಕೊಂಡರು. ಚುಳ್ ಎಂದಿತು. ಬಿಳಿ ಹತ್ತಿಯ ಮೇಲೆ ಏನನ್ನೋ ಇಟ್ಟು ನಮ್ಮ ಮುಂದೆ ಹಿಡಿದರು.

ಅದಕ್ಕೆ ಕಾಲುಗಳಿದ್ದವು. ಆಡುತ್ತಿದ್ದವು.

"ಅಯ್ಯಯ್ಯೋ, ಉಣ್ಣಿ!" ಎಂದು ಅತ್ತೆ ಕಿರುಚಿದರು. "ಹಸೀನ್ ಮೈಮೇಲಿರೋ ಉಣ್ಣಿ ಕಣವ್ವಾ ಇದು! ಇದನ್ ಕೀಳ್ಸಕ್ಕೆ ಕೊಯಮತ್ತೂರ್ಗಂಟ ಬಂದ್ವಾ?"

ಡಾಕ್ಟರಮ್ಮ ನಕ್ಕದ್ದನ್ನು ಅಂದು ಮೊದಲ ಸಲ ನೋಡಿದೆ. ಹೊಟ್ಟೆ ಕುಲುಕುವ ಹಾಗೆ ನಕ್ಕರು. ಜ್ವರ ಬಂದರೆ ಮಾತ್ರ ಕೂಡಲೇ ಹೇಳಿ ಎಂದರು. ಆಮೇಲೆ ಹಾಲೆಯನ್ನು ಇಂಚಿಂಚಾಗಿ ಒತ್ತಿ ನೋಡಿ, ಕೆಲಾಯ್ಡ್ ಎಲ್ಲೂ ಇಲ್ಲ, ಒಂದಿಷ್ಟೂ ಇಲ್ಲ, ಇನ್ನು ಸಂತೋಷ ಪಡಬಹುದು ಎಂದರು. ನಾನು ಎದ್ದು ಅವರನ್ನು ತಬ್ಬಿಕೊಂಡೆ. ಡಾಕ್ಟರನ್ನು ತಬ್ಬಿಕೊಳ್ಳಬಹುದೋ ಬಾರದೋ ನನಗೆ ಗೊತ್ತಿಲ್ಲ, ತಬ್ಬಿಕೊಂಡೆ.

ಅತ್ತೆ ಕುರ್ಚಿಯಲ್ಲೇ ಕೂತಿದ್ದರು. ಕೈ ಎರಡೂ ಮಡಿಲಲ್ಲಿ.

"ನೀವೂ ಮುಟ್ಟಿ ನೋಡಿ ಅಮ್ಮಾ" ಎಂದರು ಡಾಕ್ಟರಮ್ಮ.

ಅತ್ತೆ ನನ್ನ ಕಡೆ ನೋಡಿದರು. ಆಮೇಲೆ ಅವರನ್ನು ನೋಡಿ, "ಕಡ್ಡಿ ಇಟ್ಟವಳು ನಾನೇ ಕಣವ್ವಾ. ಇವಳಲ್ಲ" ಎಂದು ಕನ್ನಡದಲ್ಲೇ ಹೇಳಿದರು. ಡಾಕ್ಟರಮ್ಮನಿಗೆ ಎಷ್ಟು ಅರ್ಥವಾಯಿತೋ, ಅವರು ಅತ್ತೆಯ ಕೈಯನ್ನು ತಾವೇ ಎತ್ತಿ ನನ್ನ ಕಿವಿಗೆ ತಂದರು.

ಅತ್ತೆ ಒಂದು ಕೈಯಲ್ಲಿ ಬಲಗಿವಿ ಹಿಡಿದರು, ಇನ್ನೊಂದು ಕೈಯಲ್ಲಿ ಎಡಗಿವಿ. ಕಣ್ಣು ಮುಚ್ಚಿಕೊಂಡು ಎರಡೂ ಹಾಲೆಗಳನ್ನು ಹೆಬ್ಬೆರಳಿನಿಂದ ಸವರಿದರು, ಬಹಳ ಹೊತ್ತು ಸವರಿದರು. ಹೊರಗೆ ಬೇರೆ ರೋಗಿಗಳು ಕಾಯುತ್ತಿದ್ದರು. ಯಾರೂ ಅವರನ್ನು ಅವಸರ ಮಾಡಲಿಲ್ಲ.

"ಎಲ್ಡೂ ಒಂದೇ ಸಮ ಅವೆ ಕಣವ್ವಾ" ಎಂದರು.